ಸ್ಪಷ್ಟನೆ: ಸ್ಟಾಲ್ ಅಂದ್ರೆ ಎಂಜಿನ್ ನಿಲ್ಲೋದಲ್ಲ

‘ಸಣ್ಣ ಖಾಸಗಿ ವಿಮಾನಗಳು ಬೀಳುವುದೇ ಸ್ಟಾಲ್‌ನಿಂದ. ಅಂದರೆ ಎಂಜಿನ್ ನಿಂತು ಕಲ್ಲಿನಂತೆ ಉರುಳುತ್ತವೆ’ ಎಂಬ ಮೆಸೇಜ್ ಓಡಾಡುತ್ತಿದೆ. ಮೊನ್ನೆ ನಾನೂ ಫಾರ್ವರ್ಡ್ ಮಾಡಿದ್ದೆ. ಅದು ತಪ್ಪು.

ಸ್ಟಾಲ್ ಆಗುವುದು ಎಂಜಿನ್ ಅಲ್ಲ, ರೆಕ್ಕೆ. ಮೂಗನ್ನು ಜಾಸ್ತಿ ಮೇಲೆತ್ತಿದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಒಡೆಯುತ್ತದೆ, ವಿಮಾನವನ್ನು ಎತ್ತಿ ಹಿಡಿಯುವ ಬಲ ಕುಸಿಯುತ್ತದೆ. ಎಂಜಿನ್ ಜೋರಾಗಿ ಓಡುತ್ತಿದ್ದರೂ ಹೀಗಾಗಬಹುದು! ಎಂಜಿನ್ ನಿಂತ ವಿಮಾನವಾದರೋ ತೇಲುತ್ತದೆ. ಸೆಸ್ನಾ 172 ಎಂಬ ನಾಲ್ಕು ಸೀಟಿನ ಸಣ್ಣ ವಿಮಾನ ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು 9 ಅಡಿ ಮುಂದೆ ಸಾಗುತ್ತದೆ.

ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಪ್ರಕಾರ, ಇಂಥ ವಿಮಾನಗಳ ಸಾವಿನ ಅಪಘಾತಗಳಿಗೆ ಮೊದಲ ಕಾರಣ ಹಾರಾಟದ ನಡುವೆ ಹಿಡಿತ ತಪ್ಪುವುದು. ಇಳಿಯುವ ಮುಂಚಿನ ಕೊನೇ ತಿರುವನ್ನೇ ನೋಡಿ. ರನ್‌ವೇ ದಾಟಿಹೋಯ್ತು ಅಂತ ಪೈಲಟ್ ಗಡಿಬಿಡಿಯಲ್ಲಿ ತಿರುವನ್ನು ಬಿಗಿಮಾಡಿ ಮೂಗು ಎಳೆಯುತ್ತಾನೆ. ಒಂದು ಬದಿಯ ರೆಕ್ಕೆ ಸ್ಟಾಲ್ ಆಗಿ ವಿಮಾನ ಆ ಕಡೆಗೆ ದಬಕ್ಕನೆ ವಾಲುತ್ತದೆ. ಸರಿಪಡಿಸಿಕೊಳ್ಳಲು ಕೆಳಗೆ ಎತ್ತರವೇ ಉಳಿದಿರುವುದಿಲ್ಲ.

ಎಂಜಿನ್ ಕೆಡುವುದೇ ಇಲ್ಲ ಅಂತಲ್ಲ. ಆದರೆ ಎಷ್ಟೋ ಸಲ ಅದು ನಿಲ್ಲುವುದು ಸುಮ್ನೆ ಇಂಧನ ಖಾಲಿಯಾಗಿ. ಮೋಡದೊಳಗೆ ನುಗ್ಗಿ ದಿಕ್ಕು ತಪ್ಪುವುದೂ ದೊಡ್ಡ ಕಾರಣವೇ.

ಹಳೇ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ. ನಾನು ಕಳಿಸಿದ್ದನ್ನು ಅಳಿಸಿದ್ದೇನೆ.