ಸತ್ಯಾಂಶ: ಗುಳ್ಳೆ ನಿಂತರೆ ಬಿಯರ್ ಆಯಿತು ಎಂದಲ್ಲ

ಮನೆಯಲ್ಲಿ ಹುದುಗಿಸಿದ ಬಿಯರಿನ ಡಬ್ಬಿಯ ಮುಚ್ಚಳಕ್ಕೆ ಸಿಕ್ಕಿಸಿದ, ಅನಿಲವನ್ನು ಹೊರಗೆ ಮಾತ್ರ ಬಿಡುವ ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತರೆ ಬಾಟಲಿಗೆ ತುಂಬಬಹುದು: ಮುಂಬೈ, ಪುಣೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲೂ ಸುತ್ತುವ ಸಲಹೆ ಇದು. ನಂಬುವಂತೆಯೇ ಇದೆ, ಆದರೆ ತಪ್ಪು.

ಗುಳ್ಳೆ ಹೇಳುವುದು ಅನಿಲ ಆ ದಾರಿಯಲ್ಲಿ ಹೋಗುತ್ತಿದೆ ಎಂದಷ್ಟೇ; ಸಕ್ಕರೆ ಎಷ್ಟು ಉಳಿದಿದೆ ಎಂದಲ್ಲ. ಮುಚ್ಚಳದ ವಾಷರ್ ಸರಿಯಾಗಿ ಕೂರದಿದ್ದರೆ ಅನಿಲ ಪಕ್ಕದಿಂದಲೇ ಸೋರುತ್ತದೆ. ರಾತ್ರಿಯಿಡೀ ಎಸಿ ಓಡಿದರೆ ಹುದುಗಿಸುವ ಯೀಸ್ಟ್ ಮಂಕಾಗಿ, ಸಕ್ಕರೆ ಉಳಿದಿದ್ದರೂ ಗುಳ್ಳೆ ನಿಲ್ಲುತ್ತದೆ. ಹಗಲಿನ ಸೆಕೆಗೆ ಕರಗಿದ್ದ ಅನಿಲ ಹೊರಬಂದು, ಹುದುಗು ಮುಗಿದ ಬಿಯರಿನಲ್ಲೂ ಗುಳ್ಳೆ ಏಳುವುದುಂಟು.

ನೀವೇ ಪರೀಕ್ಷಿಸಲು, ದ್ರವದಲ್ಲಿ ತೇಲುತ್ತಾ ಸಕ್ಕರೆ ಹೆಚ್ಚಿದ್ದಷ್ಟೂ ಹೆಚ್ಚು ಅಂಕಿ ತೋರಿಸುವ ಹೈಡ್ರೋಮೀಟರ್ ಸಾಕು. ಅದರ ಮೇಲೆ ಬರೆದ ಉಷ್ಣತೆಯ (ಸಾಮಾನ್ಯವಾಗಿ 20 ಡಿಗ್ರಿ) ಬರೀ ನೀರಿನಲ್ಲಿ 1.000 ತೋರಿಸಬೇಕು. ಬಿಯರ್ 30 ಡಿಗ್ರಿ ಇದ್ದರೆ ಅಳತೆಗೆ 0.002ರಿಂದ 0.003 ಕೂಡಿಸಿ. ಮಾದರಿಯನ್ನು ಎರಡು ಲೋಟಗಳ ನಡುವೆ ಸುರಿದು ಅನಿಲ ಬಿಡಿಸಿ. ಗುಳ್ಳೆ ಅಂಟಿದರೆ ಮೀಟರ್ ಮೇಲೇಳುತ್ತದೆ. 1.050ರಿಂದ ಶುರುವಾದ ಸಾಧಾರಣ ಏಲ್ (ಒಂದು ಬಗೆಯ ಬಿಯರ್) 1.010–1.014ರ ಸುಮಾರಿಗೆ ಇಳಿದು, ಮೂರು ದಿನ ಕದಲದಿದ್ದರೆ ತುಂಬಿ. 1.020ರಲ್ಲೇ ನಿಂತಿದ್ದರೆ ಅವಸರ ಬೇಡ: ಉಳಿದ ಸಕ್ಕರೆ ಬಾಟಲಿಯೊಳಗೆ ಹುದುಗಿ ಗಾಜು ಸಿಡಿಯಬಹುದು. ಡಬ್ಬಿಯನ್ನು ಎಸಿ ಕೋಣೆಯಿಂದ ತೆಗೆದು 22 ಡಿಗ್ರಿಯಷ್ಟಕ್ಕೆ ತನ್ನಿ, ಮೆಲ್ಲಗೆ ತಿರುಗಿಸಿ ತಳದ ಯೀಸ್ಟ್ ಎಬ್ಬಿಸಿ. ಅಳೆದ ಮಾದರಿ ಮತ್ತೆ ಡಬ್ಬಿಗೆ ಬೇಡ, ಸೋಂಕು ತಗಲಬಹುದು. ರುಚಿ ನೋಡಿ ಮುಗಿಸಿ.