ಡೊಂಬಿವಲಿ ಫ್ರಿಜ್ಜಿನಲ್ಲಿ ತಣ್ಣನೆ ಡಿಕಾಕ್ಷನ್

ಏಪ್ರಿಲ್ ತಿಂಗಳಲ್ಲಿ ಮುಂಬೈ ಪಕ್ಕದ ಡೊಂಬಿವಲಿಯ ಅಡುಗೆಮನೆ ಹೇಗಿರುತ್ತೆ ಅನ್ನೋದು ಊರಲ್ಲಿರುವವರಿಗೆ ಹೇಳಿದರೆ ಅರ್ಥವಾಗಲ್ಲ. ಬೆಳಿಗ್ಗೆ ಐದೂವರೆಗೇ ಬೆನ್ನು ಒದ್ದೆ. ಗ್ಯಾಸ್ ಹಚ್ಚಿದರೆ ಫ್ಯಾನ್ ಹಾಕುವಂತಿಲ್ಲ, ಫ್ಯಾನ್ ಹಾಕಿದರೆ ಗ್ಯಾಸ್ ಉಳಿಯಲ್ಲ. ಅಲ್ಲೇ ನಿಂತು ನೀರು ಕುದಿಸಿ, ಫಿಲ್ಟರಿಗೆ ಸುರಿದು, ಅದು ತೊಟ್ಟಿಕ್ಕುವವರೆಗೆ ಕಾದು, ಸುಡುಸುಡು ಕಾಫಿ ಗಂಟಲಿಗಿಳಿಸಿ ಲೋಕಲ್ ರೈಲು ಹಿಡಿಯೋಕೆ ಓಡಬೇಕು. ಸಕಲೇಶಪುರದ ಕಡೆಯವನಾದ್ದರಿಂದ ಹದಿನೆಂಟು ವರ್ಷ ಇದನ್ನೇ ವ್ರತದಂತೆ ಮಾಡಿದೆ. ಬೇರೆ ದಾರಿ ಹುಡುಕುವುದು ಒಂದು ಥರ ಜಾತಿ ಬಿಟ್ಟ ಹಾಗೆ ಅನ್ನಿಸುತ್ತಿತ್ತು. ಈಗ ಮೂರು ಬೇಸಿಗೆಯಿಂದ ನನ್ನ ಫ್ರಿಜ್ಜಿನಲ್ಲಿ ಒಂದು ಗಾಜಿನ ಬಾಟಲಿ ಕೋಲ್ಡ್ ಬ್ರೂ, ಅಂದರೆ ಪುಡಿಯನ್ನು ತಣ್ಣೀರಲ್ಲೇ ಗಂಟೆಗಟ್ಟಲೆ ನೆನೆಸಿ ಸೋಸಿದ ಕಾಫಿ, ಇರುತ್ತೆ. ಜಾತಿ ಏನೂ ಕೆಟ್ಟಿಲ್ಲ.

ಪಕ್ಕದ ಮನೆಯವರು ಕೊಲ್ಲಾಪುರದ ಕಡೆಯವರು. ಅವರ ಮನೆಯಲ್ಲಿ ಚಹಾ ಅಂದರೆ ನೀರು, ಹಾಲು, ಸಕ್ಕರೆ, ಶುಂಠಿ, ಚಹಾ ಸೊಪ್ಪು ಎಲ್ಲ ಒಂದೇ ಪಾತ್ರೆಗೆ ಬಿದ್ದು ಕುದಿಯಬೇಕು. ಕಾಫಿ ಮಾಡಿದರೂ ಹಾಗೇ, ಹಾಲಲ್ಲೇ ಕುದಿಸಿ ಮೇಲಿಂದ ಚಿಟಿಕೆ ಜಾಯಿಕಾಯಿ ತೇಯ್ದು ಹಾಕುತ್ತಾರೆ. ರುಚಿ ಬೇರೆ, ಆದರೆ ಕೆಟ್ಟದ್ದಲ್ಲ. ಆ ಮನೆಯ ಕಾಕು, ಅಂದರೆ ಚಿಕ್ಕಮ್ಮ, ನನ್ನ ಬಾಟಲಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟು ಗಟ್ಟಿ ಮಾಡಿಟ್ಟು ಆಮೇಲೆ ಯಾಕೆ ನೀರು ಹಾಕೋದು? ಮೊದಲೇ ತೆಳ್ಳಗೆ ಮಾಡಬಹುದಲ್ಲ?" ನನಗೆ ಆಗಲೇ ಹೊಳೆದದ್ದು, ಈ ಪ್ರಶ್ನೆ ಕನ್ನಡದವರ ಮನೆಯಲ್ಲಿ ಯಾರೂ ಕೇಳಲ್ಲ. ಗಟ್ಟಿ ಇಳಿಸಿ ಇಟ್ಟುಕೊಂಡು, ಕುಡಿಯುವವರ ಹದಕ್ಕೆ ಹಾಲು ಬೆರೆಸುವುದು ನಮಗೆ ಅಜ್ಜಿ ಕಾಲದ ಬುದ್ಧಿ. ಮಾವನಿಗೆ ಸ್ಟ್ರಾಂಗು, ಮಕ್ಕಳಿಗೆ ಬರೀ ಬಣ್ಣ ಬರುವಷ್ಟು, ಅನಿರೀಕ್ಷಿತವಾಗಿ ಬಂದ ನೆಂಟರಿಗೆ ಎರಡನೇ ಡಿಕಾಕ್ಷನ್. ಕೋಲ್ಡ್ ಬ್ರೂ ಅದರ ತಣ್ಣನೆಯ ತಮ್ಮ, ಅಷ್ಟೇ. ತಣ್ಣೀರಲ್ಲಿ ನೆನೆಸಿ ಸಾರ ತೆಗೆಯುವುದೂ ನಮಗೆ ಹೊಸದಲ್ಲ. ಮಡಕೆ ನೀರಿಗೆ ಲಾವಂಚದ ಬೇರು ಹಾಕುವವರು, ಪುನರ್ಪುಳಿ ನೆನೆಸಿ ಶರಬತ್ತು ಮಾಡುವವರು ನಾವೇ ಅಲ್ಲವಾ? ಕಾಫಿಯನ್ನು ಹೀಗೆ ನೆನೆಸೋಕೆಂದೇ 1964ರಲ್ಲಿ ಅಮೆರಿಕದ ಟಾಡ್ ಸಿಂಪ್ಸನ್ ಒಂದು ಪಾತ್ರೆ ಮಾಡಿ ಟಾಡಿ ಅಂತ ಹೆಸರಿಟ್ಟ. ನಮ್ಮ ಕಡೆ ಆ ಹೆಸರು ಹೇಳಿದರೆ ಜನ ಬೇರೆಯದೇ ಮಡಕೆ ನೆನೆಸಿಕೊಳ್ಳುತ್ತಾರೆ.

ಮೊದಲ ಸಲ ಮಾಡಿದಾಗ ಕೆಟ್ಟದ್ದು ಈ ಅತಿವಿಶ್ವಾಸದಿಂದಲೇ. ಮನೆಯಲ್ಲಿದ್ದ ಫಿಲ್ಟರ್ ಪುಡಿಯನ್ನೇ, ನೂರಕ್ಕೆ ಇಪ್ಪತ್ತು ಚಿಕೋರಿ ಇದ್ದದ್ದು, ಜಗ್ಗಿನಲ್ಲಿ ತಣ್ಣೀರಿಗೆ ಹಾಕಿ ರಾತ್ರಿ ಇಟ್ಟೆ. ಬೆಳಿಗ್ಗೆ ಸೋಸೋಕೆ ಹೋದರೆ ಬಟ್ಟೆಯಲ್ಲಿ ಕೆಸರು ಕಟ್ಟಿಕೊಂಡು ಒಂದು ಹನಿಯೂ ಇಳಿಯಲಿಲ್ಲ. ಹಿಂಡಿದೆ. ಬಂದದ್ದು ಗಸಿ ತುಂಬಿದ ಕಪ್ಪು ರಾಡಿ, ನಾಲಗೆಗೆ ಅಂಟುವ ಸುಟ್ಟ ಸಿಹಿ. ಚಿಕೋರಿ ತಣ್ಣೀರಲ್ಲೂ ಬೇಗ ಕರಗುತ್ತೆ, ಕಾಫಿ ನಿಧಾನ. ಹಾಗಾಗಿ ಹೊತ್ತುಗಟ್ಟಲೆ ನೆನೆದರೆ ಚಿಕೋರಿಯದೇ ದರ್ಬಾರು. ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ಚಿಕೋರಿ ಹಾಕಿಯೇ ಹೀಗೆ ನೆನೆಸುವ ರೂಢಿ ಇದೆಯಂತೆ, ಅವರಿಗೆ ನಮಸ್ಕಾರ. ನನಗೆ ಚಿಕೋರಿ ಬೇಕು, ಬಿಸಿ ಡಿಕಾಕ್ಷನ್ನಿಗೆ ಮಾತ್ರ. ಅಲ್ಲಿ ಹಾಲಿನ ಎದುರು ನಿಲ್ಲೋಕೆ ಅದರ ಮೈ ಬೇಕಾಗುತ್ತೆ.

ಎರಡನೇ ಸಲ ಜಾಣತನ ಮಾಡಿ ಫಿಲ್ಟರಿನ ಮೇಲಿನ ಡಬ್ಬಿಗೇ ಒರಟು ಪುಡಿ ಹಾಕಿ ತಣ್ಣೀರು ಸುರಿದೆ. ಹತ್ತು ನಿಮಿಷದಲ್ಲಿ ಎಲ್ಲ ಕೆಳಗಿತ್ತು, ಚಹಾ ಬಣ್ಣದಲ್ಲಿ. ಫಿಲ್ಟರಿನ ಲೆಕ್ಕಾಚಾರವೆಲ್ಲ ಸಣ್ಣ ಪುಡಿ ಮತ್ತು ಬಿಸಿನೀರಿನ ಮೇಲೆ ನಿಂತಿದೆ. ಎರಡನ್ನೂ ಬದಲಿಸಿದರೆ ಅದು ಬರೀ ತೂತಿನ ಡಬ್ಬಿ.

ಆದ್ದರಿಂದ ಪುಡಿಯ ಮಾತು ಮೊದಲು. ಫಿಲ್ಟರ್ ಪುಡಿ ಚಿರೋಟಿ ರವೆ ಥರ ಅಂದುಕೊಂಡರೆ, ಇದಕ್ಕೆ ಬೇಕಾದ್ದು ಇಡ್ಲಿ ರವೆಗಿಂತ ಒಂದು ಸುತ್ತು ದಪ್ಪ. ಬೀಜ ಅರೇಬಿಕಾ, ಮಧ್ಯಮ ಹುರಿದದ್ದು. ಇನ್ನೊಂದು ಜಾತಿ ರೋಬಸ್ಟಾದಲ್ಲಿ ಕೆಫೀನು ಸುಮಾರು ದುಪ್ಪಟ್ಟು, ತಣ್ಣಗೆ ಕುಡಿದಾಗ ಅದರ ಒಗರು ಮುಚ್ಚಿಡೋಕೆ ಏನೂ ಇರಲ್ಲ. ಇದಕ್ಕಾಗಿ ಮುಂಬೈನ ಮಾಟುಂಗಾಕ್ಕೆ ಹೋಗಬೇಕು. ಬಾಳೆಲೆ, ಮಲ್ಲಿಗೆ ದಂಡೆ, ಹಪ್ಪಳ ಎಲ್ಲ ಸಿಗುವ ಆ ಬೀದಿಗಳಲ್ಲಿ ಕಣ್ಣೆದುರೇ ಬೀಜ ಬೀಸಿ ಕೊಡುವ ಅಂಗಡಿಗಳಿವೆ. ಫಾಸ್ಟ್ ಲೋಕಲ್ ಅಲ್ಲಿ ನಿಲ್ಲಲ್ಲ, ಸ್ಲೋ ಹಿಡಿದು ಹೋಗುವಷ್ಟು ತಾಳ್ಮೆ ಬೇಕು. ಒಂದು ಅಂಗಡಿಯಲ್ಲಿ ಬೀಸುವ ಹುಡುಗ, "ಇಷ್ಟು ದಪ್ಪ ಫಿಲ್ಟರಿಗೆ ಆಗಲ್ಲ ಸರ್, ಆಮೇಲೆ ವಾಪಸ್ ತರಬೇಡಿ" ಅಂತ ಮೂರು ಸಲ ಹೇಳಿದ. ಪಕ್ಕದಲ್ಲಿ ಪಂಚೆ ಉಟ್ಟಿದ್ದ ಹಿರಿಯರೊಬ್ಬರು ನನ್ನನ್ನು ಕನಿಕರದಿಂದ ನೋಡಿದರು.

ನನ್ನ ಅಳತೆ ನೂರು ಗ್ರಾಂ ಪುಡಿಗೆ ಅರ್ಧ ಲೀಟರ್ ಕುದಿಸಿ ಆರಿಸಿದ ನೀರು. ಬಿಸಿಲಲ್ಲಿ ಬಂದವರಿಗೆ ಕೊಡಲೆಂದು ಇನ್ನೂ ಗಟ್ಟಿ ಬೇಕಾದರೆ ನಾನೂರು ಮಿಲಿ. ಮೊದಲು ಸ್ವಲ್ಪವೇ ನೀರು ಹಾಕಿ ಪುಡಿಯೆಲ್ಲ ಒದ್ದೆಯಾಗುವಂತೆ ಮರದ ಚಮಚದಲ್ಲಿ ಕಲಸಬೇಕು. ಇಲ್ಲದಿದ್ದರೆ ಮೇಲೆ ಒಣ ದಿಬ್ಬ ತೇಲುತ್ತಾ ಬೆಳಗಾದರೂ ಹಾಗೇ ಇರುತ್ತೆ. ಆಮೇಲೆ ಉಳಿದ ನೀರು, ಮುಚ್ಚಳ, ಅಷ್ಟೇ. ಅರ್ಧ ಲೀಟರ್ ಹಾಕಿದ್ದೇನೆ, ಅರ್ಧ ಲೀಟರ್ ಬರುತ್ತೆ ಅಂತ ಕಾಯಬೇಡಿ. ಪುಡಿ ತನ್ನ ತೂಕದ ಎರಡರಷ್ಟು ನೀರು ಕುಡಿದು ಕೂರುತ್ತೆ, ಕೈಗೆ ಸಿಗುವುದು ಮುನ್ನೂರು ಮಿಲಿ ಚಿಲ್ಲರೆ. ನನ್ನ ಹೆಂಡತಿ ಮೊದಲ ಸಲ ಬಾಟಲಿ ನೋಡಿ, "ಅರ್ಧ ನೀವೇ ಕುಡಿದುಬಿಟ್ರಾ?" ಅಂದಳು.

ಹೊತ್ತಿನ ವಿಷಯದಲ್ಲಿ ಬೇರೆ ಕಡೆಯ ಲೆಕ್ಕ ಇಲ್ಲಿಗೆ ಹೊಂದಲ್ಲ ಅನ್ನೋದು ನನ್ನ ಅನುಭವ. ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಹೊರಗಿಡಿ ಅಂತ ಎಲ್ಲರೂ ಹೇಳುತ್ತಾರೆ. ಅದು ಇಪ್ಪತ್ತು ಇಪ್ಪತ್ತೆರಡು ಡಿಗ್ರಿ ಇರುವ ಮನೆಯ ಮಾತು. ಸಕಲೇಶಪುರದ ಡಿಸೆಂಬರಿನಲ್ಲಾದರೆ ಸರಿ. ಇಲ್ಲಿ ಮೇ ತಿಂಗಳಲ್ಲಿ ನಡುರಾತ್ರಿಯೂ ಮೂವತ್ತು ಡಿಗ್ರಿ. ಹೊರಗೆ ಹದಿನೆಂಟು ಗಂಟೆ ಇಟ್ಟ ಜಗ್ಗಿಗೆ ಮರದ ತೊಗಟೆ ಜಗಿದ ಹಾಗಿನ ರುಚಿ ಬಂದಿತ್ತು, ಜೊತೆಗೆ ಏನೋ ಹುಳಿ ವಾಸನೆ. ಚೆಲ್ಲಿದೆ. ಕುದಿಸದ ವಸ್ತು, ಬಿಸಿನೀರು ಕೊಲ್ಲುವಂಥದ್ದನ್ನು ತಣ್ಣೀರು ಕೊಲ್ಲಲ್ಲ. ಹಾಗಾಗಿ ಈಗ ನೇರ ಫ್ರಿಜ್ಜಿಗೇ. ರಾತ್ರಿ ಒಂಬತ್ತಕ್ಕೆ ಇಟ್ಟರೆ ಮರುದಿನ ಸಂಜೆ ಆಫೀಸಿಂದ ಬಂದು ಸೋಸುತ್ತೇನೆ, ಹತ್ತಿರ ಹತ್ತಿರ ಇಪ್ಪತ್ತಮೂರು ಗಂಟೆ. ತಣ್ಣಗಿದ್ದಷ್ಟೂ ನಿಧಾನ, ತಡವಾದರೂ ಅಷ್ಟಾಗಿ ಕೆಡಲ್ಲ. ಲೋಕಲ್ ತಡವಾಗುವ ಊರಲ್ಲಿ ಇದೊಂದು ದೊಡ್ಡ ಅನುಕೂಲ.

ಸೋಸುವುದು ಎರಡು ಸಲ: ಮೊದಲು ಸ್ಟೀಲ್ ಜಾಲರಿ, ಆಮೇಲೆ ಒದ್ದೆ ಮಾಡಿದ ಹಳೇ ಪಂಚೆ ತುಂಡು. ಹಿಂಡಬಾರದು, ಕೈ ಎಷ್ಟೇ ತುರಿಸಿದರೂ. ಹಿಂಡಿದ ಕೂಡಲೇ ಗಸಿ, ಕಹಿ ಎರಡೂ ಇಳಿಯುತ್ತೆ. ಬಟ್ಟೆ ಸೋಪು ಕಾಣದ್ದಾಗಿರಲಿ. ಬಾಟಲಿಗೆ ಬಿಸಿನೀರು ತೋರಿಸಿ ಒಣಗಿಸಿ ತುಂಬಿದರೆ ವಾರ ನಿಶ್ಚಿಂತೆ. ಎರಡು ವಾರ ಇಡುವವರಿದ್ದಾರೆ, ನಮ್ಮ ಮನೆಯಲ್ಲಿ ಅಷ್ಟು ದಿನ ಉಳಿದದ್ದೇ ಇಲ್ಲ. ನೀರು ಬೆರೆಸಿದ ಮೇಲೆ ಮಾತ್ರ ಎರಡು ದಿನದೊಳಗೆ ಮುಗಿಸುವುದು ಒಳ್ಳೆಯದು.

ಅಮ್ಮ ಹೋದ ವರ್ಷ ಬಂದಿದ್ದಾಗ ಲೋಟದಲ್ಲಿ ಕಾಲು ಭಾಗ ಇದನ್ನು ಹಾಕಿ, ತಣ್ಣನೆ ಹಾಲು ಬೆರೆಸಿ ಕೊಟ್ಟೆ. ಮೂಗಿನ ಹತ್ತಿರ ಹಿಡಿದು ಮೊದಲು ಮೂಸಿದಳು. "ಏನೋ ಇದು, ವಾಸನೇನೇ ಇಲ್ವಲ್ಲೋ." ಬಿಸಿ ಮಾಡಿಕೊಡು ಅಂದಳು, ಕುದಿಯುವ ಹಾಲಿಗೆ ಹಾಕಿಕೊಟ್ಟೆ. ಉಗುರು ಬೆಚ್ಚಗಿನ ಕಂದು ಹಾಲಾಯಿತು. ಅವಳು ಲೋಟ ಪಕ್ಕಕ್ಕಿಟ್ಟು ಫಿಲ್ಟರ್ ತೊಳೆಯೋಕೆ ಎದ್ದಳು.

ಅವಳ ಮಾತು ತಪ್ಪಲ್ಲ. ಕಾಫಿಯ ಘಮ ಏಳಿಸುವುದು ಬಿಸಿ. ತಣ್ಣೀರು ಅದನ್ನು ಬಾಟಲಿಯೊಳಗೇ ಮಲಗಿಸಿಬಿಡುತ್ತೆ. ಪುಡಿ ಹಾಕಿದ ಕೂಡಲೇ ಮನೆಯೆಲ್ಲ ಹರಡಿ ಮಲಗಿದವರನ್ನು ಎಬ್ಬಿಸುವ ಕೆಲಸ ಕೋಲ್ಡ್ ಬ್ರೂಗೆ ಬರಲ್ಲ. ಬರುವುದು ಬೇರೆ: ಕಹಿ ಕಡಿಮೆ, ಒಂದು ಥರ ಕೋಕೋ ರುಚಿ, ಸಕ್ಕರೆ ಇಲ್ಲದೆಯೂ ಇಳಿಯುತ್ತೆ. ಡಿಕಾಕ್ಷನ್ನಿಗೆ ಐಸ್ ಹಾಕಿ ಕುಡಿದು ನೋಡಿದವರಿಗೆ ವ್ಯತ್ಯಾಸ ಗೊತ್ತಾಗುತ್ತೆ. ಬಿಸಿಯಲ್ಲಿ ಚೆಂದವಿದ್ದ ಕಹಿ ತಣ್ಣಗಾದಾಗ ಹಲ್ಲು ಕಚ್ಚುತ್ತೆ.

ಹೊಟ್ಟೆಗೆ ತಂಪು, ಆಸಿಡಿಟಿಯೇ ಇಲ್ಲ ಅಂತ ಮಾರುವವರ ಮಾತನ್ನು ಮಾತ್ರ ನಾನು ನಂಬಲ್ಲ. 2018ರಲ್ಲಿ ಸೈಂಟಿಫಿಕ್ ರಿಪೋರ್ಟ್ಸ್‌ನಲ್ಲಿ ನೈನಿ ರಾವ್, ಮೇಗನ್ ಫುಲ್ಲರ್ ಎಂಬ ಸಂಶೋಧಕರು ಬಿಸಿ, ತಣ್ಣನೆ ಎರಡನ್ನೂ ಅಳೆದು ಬರೆದಿದ್ದರು. ಎರಡರ ಪಿಎಚ್ಚೂ, ಅಂದರೆ ಹುಳಿಯ ಅಳತೆ, 4.85ರಿಂದ 5.13ರ ನಡುವೆಯೇ, ಹೆಚ್ಚುಕಡಿಮೆ ಒಂದೇ. ಒಟ್ಟು ಆಮ್ಲದ ಪ್ರಮಾಣ ಬಿಸಿಯದರಲ್ಲಿ ಜಾಸ್ತಿ ಅನ್ನೋದು ನಿಜ, ಆದರೆ ಗ್ಯಾಸ್ಟ್ರಿಕ್ ಇರುವ ನನ್ನ ಭಾವನಿಗೆ ಎರಡೂ ಒಂದೇ ಥರ ಉರಿ ಕೊಟ್ಟವು. ಇನ್ನು ಕೆಫೀನು. ಮೊದಮೊದಲು ಶರಬತ್ತಿನ ಹಾಗೆ ಸಲೀಸಾಗಿ ಇಳಿಯುತ್ತೆ ಅಂತ ನೀರೇ ಬೆರೆಸದೆ ಒಂದು ಲೋಟ ಕುಡಿದು, ರಾತ್ರಿ ಮೂರರವರೆಗೆ ಸೀಲಿಂಗ್ ಫ್ಯಾನಿನ ರೆಕ್ಕೆ ಎಣಿಸಿದ್ದೇನೆ. ಒಂದಕ್ಕೆ ಒಂದೂವರೆ ನೀರೋ ಹಾಲೋ ಇರಲೇಬೇಕು.

ಈ ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಬೆಳೆಯುವುದು ನಮ್ಮ ರಾಜ್ಯ. ಅಲ್ಲಿಂದ ಬಂದವನು ಮಾಲಿನಲ್ಲಿ ಒಂದು ಗ್ಲಾಸಿಗೆ ಕಾಲು ಕಿಲೋ ಪುಡಿಯ ದುಡ್ಡು ಕೊಟ್ಟು, ಮುಕ್ಕಾಲು ಗ್ಲಾಸ್ ಐಸ್ ಕುಡಿದು ಬರುವುದು ನನಗೆ ಸಿಟ್ಟು ತರಿಸುತ್ತೆ. ಫ್ರಿಜ್ಜು, ಜಗ್ಗು, ಪಂಚೆ ತುಂಡು ಎಲ್ಲರ ಮನೆಯಲ್ಲೂ ಇದೆ.

ಹಾಗಂತ ಫಿಲ್ಟರ್ ಅಟ್ಟ ಸೇರಿಲ್ಲ. ಭಾನುವಾರ ಬೆಳಿಗ್ಗೆ ಅದೇ, ಜೂನಲ್ಲಿ ಮಳೆ ಹಿಡಿದ ಮೇಲೆ ದಿನವೂ ಅದೇ. ಕಷ್ಟವೊಂದೇ, ಮನೆಯಲ್ಲಿ ಈಗ ಎರಡು ಡಬ್ಬಿ ಪುಡಿ. ಹೋದ ಭಾನುವಾರ ನೆಂಟರೆದುರು ಒರಟು ಪುಡಿ ಫಿಲ್ಟರಿಗೆ ಬಿದ್ದು, ಎಲ್ಲರೂ ಬಣ್ಣದ ನೀರು ಕುಡಿದು ಚೆನ್ನಾಗಿದೆ ಅಂದರು. ಶನಿವಾರ ಮಾಟುಂಗಾಕ್ಕೆ ಹೋಗಬೇಕು, ಎರಡೂ ಮುಗಿಯುತ್ತಾ ಬಂದಿವೆ. ಈ ಸಲ ಪೊಟ್ಟಣದ ಮೇಲೆ ಅಂಗಡಿಯಲ್ಲೇ ಬರೆಸಿಕೊಂಡು ಬರುತ್ತೇನೆ: ಒಂದಕ್ಕೆ "ಬಿಸಿ", ಇನ್ನೊಂದಕ್ಕೆ "ತಣ್ಣಗೆ". ಕನ್ನಡದಲ್ಲಿ ಬರೆಯೋಕೆ ಆ ಹುಡುಗನಿಗೆ ಬರಲ್ಲ, ಪೆನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಬೇಕು.