ಎಂಟು ಜನರ ಕೂಟ, ಹದಿನಾಲ್ಕು ಜನರ ವೇದಿಕೆ

ಭಾನುವಾರ ಬೆಳಿಗ್ಗೆ ಎಂಟು ಮಂದಿ ಒಂದೆಡೆ ಕುಳಿತು, ತಂತಮ್ಮ ಲ್ಯಾಪ್‌ಟಾಪ್ ತೆರೆದು, ಒಬ್ಬರಿಗೆ ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳಿಕೊಡಲು ಎಷ್ಟು ಶಾಲುಗಳು ಬೇಕಾಗುತ್ತವೆ ಎಂಬುದು ನನಗೆ ಮೊನ್ನೆಯವರೆಗೆ ಗೊತ್ತಿರಲಿಲ್ಲ. ಹದಿನಾಲ್ಕು ಬೇಕು. ರಾಯಚೂರಿನಿಂದ ಯರಮರಸ್ ಕಡೆಗೆ ಬೆಳೆಯುತ್ತಿರುವ ನಮ್ಮ ಬಡಾವಣೆಯಲ್ಲಿ ತಂತ್ರಜ್ಞಾನ ಕೂಟವೊಂದನ್ನು ಆರಂಭಿಸಿದ ಮೇಲೆ ಈ ಲೆಕ್ಕ ತಿಳಿಯಿತು.

ಮೊದಲ ಕೂಟದ ವಿಷಯವನ್ನು ನಾವು ಬಹಳ ಯೋಚಿಸಿಯೇ ಆರಿಸಿದ್ದೆವು. ಕನ್ನಡ ಟೈಪು ಮಾಡಲು ಬಳಸುವ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಈಗ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಗಳಿಗೂ ಗಣಕದಲ್ಲಿ ಅವುಗಳದ್ದೇ ಸಂಖ್ಯೆ ಕೊಡುವ ಜಾಗತಿಕ ಪದ್ಧತಿ) ಅಕ್ಷರಗಳನ್ನೂ ಬರೆಯಬಹುದಾಗಿದ್ದರೂ, ಟೈಪು ಮಾಡುವ ಕೈಗಳು ಹಳೆಯ ಫಾಂಟನ್ನೇ ಹಿಡಿದುಕೊಂಡಿವೆ. ಹಳೆಯ ಪದ್ಧತಿಯಲ್ಲಿ ಕನ್ನಡಕ್ಕೆ ಸ್ವಂತ ಮನೆಯಿಲ್ಲ. ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸ್ಥಾನಗಳಲ್ಲಿ ಬಾಡಿಗೆಗೆ ಇರಬೇಕು. ಆ ಫಾಂಟು ಇಲ್ಲದ ಮೊಬೈಲಿಗೆ ಬರಹ ಹೋದೊಡನೆ ಮನೆಯ ಮಾಲೀಕರೇ ಹೊರಗೆ ಬಂದು ನಿಲ್ಲುತ್ತಾರೆ: ‘ನ’ ಇರಬೇಕಾದಲ್ಲಿ ಬ್ರಿಟನ್ನಿನ ಪೌಂಡು, ‘ಪ’ ಇರಬೇಕಾದಲ್ಲಿ ಜಪಾನಿನ ಯೆನ್. ಯೂನಿಕೋಡ್ 1991ರಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ನಿವೇಶನ ಬರೆದುಕೊಟ್ಟಿದೆ. ಹಳೆಯ ಕಡತಗಳನ್ನು ಅಲ್ಲಿಗೆ ಸಾಗಿಸುವ ಬಗೆಯನ್ನು ಝೆರಾಕ್ಸ್ ಅಂಗಡಿಯೊಂದರಲ್ಲಿ ದಿನವಿಡೀ ಅರ್ಜಿ ಟೈಪು ಮಾಡುವ ಯುವತಿಯೊಬ್ಬರು ಹೇಳಿಕೊಡಬೇಕಿತ್ತು. ನಮ್ಮ ಪೈಕಿ ಕೆಲಸ ಬಲ್ಲವರು ಅವರೊಬ್ಬರೇ.

ಆಗ ಬಡಾವಣೆಯ ಹಿರಿಯರೊಬ್ಬರು ಬಂದು, "ಹಂಗೇ ಕೂಡಿದ್ರ ಅದು ಹರಟಿ ಆಗ್ತದ ತಮ್ಮಾ, ಬ್ಯಾನರ್ ಕಟ್ಟಿದ್ರ ಕಾರ್ಯಕ್ರಮ ಆಗ್ತದ" ಎಂದರು. ಬ್ಯಾನರ್ ಎಂದ ಮೇಲೆ ಭಾವಚಿತ್ರಗಳು ಬೇಕು, ಭಾವಚಿತ್ರಗಳಿಗೆ ಪದವಿಗಳು ಬೇಕು. ಹೀಗಾಗಿ ಅಂದು ಸಂಜೆಯ ಹೊತ್ತಿಗೆ ಎಂಟು ಜನರಲ್ಲಿ ಏಳು ಮಂದಿ ಪದಾಧಿಕಾರಿಗಳಾಗಿದ್ದರು. ಒಂದು ರೂಪಾಯಿಯೂ ಇಲ್ಲದ ಕೂಟಕ್ಕೆ ಖಜಾಂಚಿ ಬಂದರು. ಅವರ ಮೇಲೆ ಕಣ್ಣಿಡಲು ಲೆಕ್ಕ ಪರಿಶೋಧಕರೂ ಬಂದರು. ಉಪನ್ಯಾಸ ಕೊಡಬೇಕಾದ ಯುವತಿ ಕೂಟದ ಏಕೈಕ ಸದಸ್ಯೆಯಾಗಿ ಉಳಿದರು. ನನಗೆ ಸಹಕಾರ್ಯದರ್ಶಿಯ ಸ್ಥಾನ ದೊರೆಯಿತು. ಬೇಡವೆನ್ನಬಹುದಿತ್ತು, ಆದರೆ ಆ ಪದ ಕಿವಿಗೆ ಬಿದ್ದಾಗ ಒಳಗೊಳಗೇ ಹಿತವಾದದ್ದನ್ನು ಮುಚ್ಚಿಡಲಾರೆ.

ಆಮಂತ್ರಣ ಪತ್ರಿಕೆಯನ್ನು ಮುದ್ರಣಾಲಯದವರು ಹಳೆಯ ಫಾಂಟಿನಲ್ಲಿಯೇ ಸಿದ್ಧಪಡಿಸಿದರು. ಹಾಳೆಯ ಮೇಲೆ ಅದು ಸುಂದರವಾಗಿಯೇ ಇತ್ತು. ನಮ್ಮ ಪ್ರಚಾರ ಸಮಿತಿಯವರು ಕಡತದಿಂದ ಹೆಸರುಗಳನ್ನು ನಕಲು ಮಾಡಿ ವಾಟ್ಸ್ಆ್ಯಪ್‌ಗೆ ಹಾಕಿದಾಗ ಗಣ್ಯರೆಲ್ಲರೂ ಪೌಂಡು, ಯೆನ್‌ಗಳಾಗಿ ಹೊರಬಂದರು. ರೋಗದ ಕುರಿತ ಉಪನ್ಯಾಸದ ಕರೆಯೋಲೆಗೇ ರೋಗ ತಗುಲಿತ್ತು. ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆಯನ್ನು ಹಣ ಕೊಟ್ಟರೂ ಏರ್ಪಡಿಸಲಾಗುತ್ತಿರಲಿಲ್ಲ. ಆದರೆ ತುರ್ತು ಸಭೆಯಲ್ಲಿ ಮೂರು ಗಂಟೆ ಚರ್ಚೆಯಾದದ್ದು, ಸರಿಪಡಿಸುವಾಗ ಯಾರ ಹೆಸರು ಯಾರ ಹೆಸರಿಗಿಂತ ಮೇಲೆ ಬರಬೇಕು ಎಂಬುದರ ಬಗ್ಗೆ.

ಹತ್ತೂವರೆಯ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿಗಳು ಹನ್ನೆರಡೂಮುಕ್ಕಾಲಿಗೆ ಆಗಮಿಸಿದರು. ಅವರು ಬಂದ ಕ್ಷಣಕ್ಕೆ ಕರೆಂಟು ಹೋಯಿತು. 1985ರಿಂದ ವಿದ್ಯುತ್ ಉತ್ಪಾದಿಸುತ್ತಿರುವ, 1,720 ಮೆಗಾವಾಟ್ ಸಾಮರ್ಥ್ಯದ ಶಕ್ತಿನಗರದ ಸ್ಥಾವರ ಇರುವ ಜಿಲ್ಲೆಯಲ್ಲಿ ಪ್ರೊಜೆಕ್ಟರ್ ಕತ್ತಲಾಯಿತು. ಜ್ಯೋತಿ ಬೆಳಗಿಸುವ ಭಾಗಕ್ಕೆ ಕರೆಂಟು ಬೇಕಿರಲಿಲ್ಲವಾದ್ದರಿಂದ ಅದು ವಿಜೃಂಭಣೆಯಿಂದ ನೆರವೇರಿತು. ಹದಿನಾಲ್ಕು ಜನ ಸೇರಿ ಹಚ್ಚಿದ ಐದು ಬತ್ತಿಗಳ ಬೆಳಕಿನಲ್ಲಿ ಸನ್ಮಾನಗಳೂ ಮುಗಿದವು.

ಮುಖ್ಯ ಅತಿಥಿಗಳು ರಾಯಚೂರಿಗೆ ತಂತ್ರಜ್ಞಾನ ಹೊಸದಲ್ಲ ಎಂದರು. ಮಾತು ನಿಜ. 1520ರಲ್ಲಿ ಕೃಷ್ಣದೇವರಾಯನು ಇಲ್ಲಿಯ ಕೋಟೆಗೆ ಮುತ್ತಿಗೆ ಹಾಕಿದಾಗ, ಅವನ ಪಾಳೆಯಕ್ಕೆ ಬಂದಿದ್ದ ಪೋರ್ಚುಗೀಸ್ ಕೋವಿಗಾರರು ಗೋಡೆಯ ಮೇಲೆ ನಿಂತವರನ್ನು ಗುರಿಯಿಟ್ಟು ಉರುಳಿಸಿದ್ದರು. ವೇದಿಕೆಯ ಮೇಲೆ ಕುಳಿತವರನ್ನು ಇಳಿಸುವ ತಂತ್ರಜ್ಞಾನ ಐನೂರು ವರ್ಷ ಕಳೆದರೂ ನಮಗೆ ದಕ್ಕಿಲ್ಲ. ಅತಿಥಿಗಳು ಐವತ್ತು ನಿಮಿಷ ಮಾತನಾಡಿದರು. ಅಧ್ಯಕ್ಷರು ಸಮಯದ ಅಭಾವವನ್ನು ವಿವರಿಸಲು ಅರ್ಧ ಗಂಟೆ ತೆಗೆದುಕೊಂಡರು. ಉಪನ್ಯಾಸಕ್ಕೆ ಏಳು ನಿಮಿಷ ಉಳಿಯಿತು. ಯುವತಿ ಮೈಕಿನ ಮುಂದೆ ಬರುವಷ್ಟರಲ್ಲಿ ಶಾಮಿಯಾನದವರು ಹಿಂದಿನ ಸಾಲಿನ ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದರು. ಸಭೆ ಮಂಡಾಳು ಒಗ್ಗರಣೆ, ಮಿರ್ಚಿ ಇಟ್ಟಿದ್ದ ಕಡೆಗೆ ಎದ್ದು ಹೋಗಿತ್ತು.

ಅಲ್ಲಿ ಎಣ್ಣೆ ಹತ್ತಿದ ಕಾಗದದ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಉಪಾಧ್ಯಕ್ಷರೊಬ್ಬರು ಆಕೆಯ ಬಳಿ ಬಂದು, "ನನ್ನ ಹೆಸರು ಇದರಾಗ ಸರಿ ಕಾಣೋ ಹಂಗ ಮಾಡವಾ" ಎಂದು ಮೊಬೈಲು ಚಾಚಿದರು. ಆಕೆ ಯೂನಿಕೋಡ್ ಕೀಲಿಮಣೆಯನ್ನು ಅಳವಡಿಸಿ, ಅವರ ಹೆಸರನ್ನು ಅವರಿಂದಲೇ ಬರೆಯಿಸಿದರು. ಇನ್ನಿಬ್ಬರು ಬಗ್ಗಿ ನೋಡಿದರು. ಸುಮಾರು ನಾಲ್ಕು ನಿಮಿಷ, ಮಿರ್ಚಿ ಆರುವ ತನಕ, ಕೂಟ ನಡೆಯಿತು.

ನಿನ್ನೆ ರಾತ್ರಿ ಎರಡನೆಯ ಕೂಟದ ಸೂಚನೆ ಬಂದಿದೆ. ಮೊದಲನೆಯದರ ಅಭೂತಪೂರ್ವ ಯಶಸ್ಸಿಗಾಗಿ ಪದಾಧಿಕಾರಿಗಳಿಗೆ ಅಭಿನಂದನೆಯಂತೆ. ‘ಅಂತೆ’ ಎನ್ನಲು ಕಾರಣವಿದೆ: ಸೂಚನೆ ಮತ್ತೆ ಹಳೆಯ ಫಾಂಟಿನಲ್ಲಿದೆ, ನಾನು ಊಹಿಸಿ ಓದಿಕೊಂಡೆ. ‘ಅಭಿನಂದನೆ’ ಎಂಬ ಒಂದು ಪದದಲ್ಲಿಯೇ ಪೌಂಡು ಎರಡು ಸಲ ಬರುತ್ತದೆ.